ಲಿನಕ್ಸ್‌ನಲ್ಲಿ ಪ್ರಿಂಟ್ ಬರುತ್ತಿಲ್ಲವೇ? ದೋಷ ಹುಡುಕುವ ಕ್ರಮ, ಹೊಸ ಪ್ರಿಂಟರ್ ಆರಿಸುವ ಕ್ರಮ

ಉಬುಂಟು, ಮಿಂಟ್, ಡೆಬಿಯನ್, ಫೆಡೋರಾ, ಯಾವುದನ್ನೇ ಬಳಸಿ, ಒಳಗೆ ಮುದ್ರಣದ ಹೊಣೆ ಹೊತ್ತಿರುವುದು ಕಪ್ಸ್ ಎಂಬ ಒಂದೇ ತಂತ್ರಾಂಶ. 1999ರಲ್ಲಿ ಮೊದಲ ಆವೃತ್ತಿ ಬಂತು, 2007ರಲ್ಲಿ ಆಪಲ್ ಅದನ್ನು ಕೊಂಡಿತು, ಈಗ ಓಪನ್‌ಪ್ರಿಂಟಿಂಗ್ ಬಳಗ ಅದನ್ನು ನೋಡಿಕೊಳ್ಳುತ್ತಿದೆ. ವ್ಯವಸ್ಥೆ ಒಂದೇ ಆದ್ದರಿಂದ ದೋಷ ಹುಡುಕುವ ದಾರಿಯೂ ಎಲ್ಲ ಕಡೆ ಒಂದೇ. ಯಂತ್ರ ಸರಿ ಇದೆಯೇ, ಕಂಪ್ಯೂಟರಿಗೆ ಯಂತ್ರ ಕಾಣುತ್ತಿದೆಯೇ, ಕಪ್ಸ್‌ನ ಸಾಲು, ಅಂದರೆ ಆ ಪ್ರಿಂಟರ್‌ಗೆ ಕೊಟ್ಟ ಕೆಲಸಗಳು ಸರದಿಗೆ ನಿಲ್ಲುವ ಕ್ಯೂ, ನಡೆಯುತ್ತಿದೆಯೇ, ಪುಟವನ್ನು ಯಂತ್ರದ ಭಾಷೆಗೆ ತಿರುಗಿಸುವ ಫಿಲ್ಟರ್ ಕೆಲಸ ಮಾಡುತ್ತಿದೆಯೇ, ಕೊನೆಗೆ ಕಡತವೇ ಕೆಟ್ಟಿದೆಯೇ. ಈ ಕ್ರಮ ಬಿಟ್ಟು ನೇರವಾಗಿ ಡ್ರೈವರ್ (ಪ್ರಿಂಟರ್ ನಡೆಸಲು ಕಂಪ್ಯೂಟರಿನಲ್ಲಿರುವ ತಂತ್ರಾಂಶ) ತೆಗೆದು ಹಾಕಿ, ತೆಗೆದು ಹಾಕಿ ಮಾಡಿದರೆ ಇಡೀ ದಿನ ಹೋಗುತ್ತದೆ, ಜೊತೆಗೆ ಮೊದಲು ಇಲ್ಲದ ಎರಡು ತೊಂದರೆ ಸೇರಿಕೊಳ್ಳುತ್ತವೆ.

ಇಲ್ಲಿ ಆದೇಶಗಳನ್ನು ಉಚ್ಚಾರಣೆಯಂತೆ ಕನ್ನಡದಲ್ಲೇ ಬರೆದಿದೆ. ಟರ್ಮಿನಲ್‌ನಲ್ಲಿ, ಅಂದರೆ ಆದೇಶ ಟೈಪ್ ಮಾಡುವ ಕಿಟಕಿಯಲ್ಲಿ, ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಟೈಪ್ ಮಾಡಿ. ದೊಡ್ಡಕ್ಷರ ಬೇಕಾದಲ್ಲಿ ಹೇಳಿದೆ.

ಮೊದಲು ತಿಳಿದಿರಬೇಕಾದ್ದು: ಪ್ರಿಂಟರ್‌ಗಳಲ್ಲಿ ಎರಡು ಜಾತಿ

ಒಂದು ಜಾತಿಯ ಪ್ರಿಂಟರ್‌ಗೆ ಓದು ಬರುತ್ತದೆ. ಪಿಡಿಎಫ್, ಪೋಸ್ಟ್‌ಸ್ಕ್ರಿಪ್ಟ್, ಪಿಸಿಎಲ್, ಅಥವಾ ಏರ್‌ಪ್ರಿಂಟ್‌ನ ಯುಆರ್‌ಎಫ್, ಪಿಡಬ್ಲ್ಯುಜಿ ರಾಸ್ಟರ್‌ನಂಥ ಪ್ರಚಲಿತ ವಿನ್ಯಾಸದಲ್ಲಿ ಪುಟ ಕಳಿಸಿದರೆ ಅದು ತಾನೇ ಅರ್ಥ ಮಾಡಿಕೊಳ್ಳುತ್ತದೆ. ಇನ್ನೊಂದು ಜಾತಿಗೆ ಓದು ಬರುವುದಿಲ್ಲ. ಬೆಲೆ ಇಳಿಸಲು ಯಂತ್ರದೊಳಗಿನ ಮೆಮೊರಿ, ಪ್ರೊಸೆಸರ್ ಎರಡನ್ನೂ ಕಡಿತ ಮಾಡಿ, ಪುಟವನ್ನು ಚುಕ್ಕಿಗಳಾಗಿ ಒಡೆಯುವ ಕೆಲಸವನ್ನೆಲ್ಲ ಕಂಪ್ಯೂಟರಿನ ಡ್ರೈವರ್ ಮೇಲೆ ಹೊರಿಸಿರುತ್ತಾರೆ. ಆ ಚುಕ್ಕಿಗಳನ್ನು ಯಾವ ರೀತಿ ಕಟ್ಟಿ ಕಳಿಸಬೇಕೆಂಬುದು ಕಂಪನಿಯ ಗುಟ್ಟು. ವಿವರಪಟ್ಟಿಯಲ್ಲಿ ಇದು ಜಿಡಿಐ, ಹೋಸ್ಟ್ ಬೇಸ್ಡ್, ಕ್ಯಾಪ್ಟ್, ಎಸ್‌ಪಿಎಲ್ ಎಂಬ ಹೆಸರುಗಳಲ್ಲಿ ಕಾಣುತ್ತದೆ. ಲಿನಕ್ಸ್‌ನಲ್ಲಿ ಕಾಡುವ ದೋಷಗಳಲ್ಲಿ ದೊಡ್ಡ ಪಾಲು ಈ ಎರಡನೇ ಜಾತಿಯದ್ದು. ಅಂಥ ದೋಷ ಅಂಗಡಿಯಲ್ಲೇ ಯಂತ್ರದ ಜೊತೆ ಬಂದಿರುತ್ತದೆ, ಆಮೇಲೆ ಮನೆಯಲ್ಲಿ ಹುಟ್ಟಿದ್ದಲ್ಲ.

ಯಂತ್ರವನ್ನು ಒಂಟಿಯಾಗಿ ಪರೀಕ್ಷಿಸಿ

ಯುಎಸ್‌ಬಿ ಕೇಬಲ್ ಬಿಚ್ಚಿ. ಸ್ಕ್ಯಾನರ್ ಇರುವ ಪ್ರಿಂಟರ್ ಆದರೆ ಗಾಜಿನ ಮೇಲೆ ಒಂದು ಹಾಳೆ ಇಟ್ಟು ಕಾಪಿ ಗುಂಡಿ ಒತ್ತಿ. ಬರೀ ಪ್ರಿಂಟರ್ ಆದರೆ ಕೈಪಿಡಿಯಲ್ಲಿ ಹೇಳಿದ ಸ್ವಯಂಪರೀಕ್ಷೆಯ ಪುಟ ತೆಗೆಯಿರಿ. ಪುಟ ಬಿಳಿಯಾಗಿ ಬಂದರೆ, ಗೆರೆ ಬಿದ್ದರೆ, ಒಂದು ಬಣ್ಣ ಕಾಣೆಯಾದರೆ ಲಿನಕ್ಸ್‌ಗೂ ಅದಕ್ಕೂ ಸಂಬಂಧವಿಲ್ಲ. ಇಂಕ್ ಟ್ಯಾಂಕ್ ಪ್ರಿಂಟರ್‌ನಲ್ಲಿ ನಾಜಲ್ ಒಣಗಿರುತ್ತದೆ. ಹೆಡ್ ಕ್ಲೀನಿಂಗ್ ಎರಡು ಸಲ ಮಾಡಿ, ಸರಿಹೋಗದಿದ್ದರೆ ಕೈಪಿಡಿ ಹೇಳಿದಷ್ಟು ಗಂಟೆ ಸುಮ್ಮನೆ ಬಿಟ್ಟು ಮತ್ತೊಮ್ಮೆ ಮಾಡಿ. ಮೇಲಿಂದ ಮೇಲೆ ಹತ್ತು ಸಲ ಮಾಡಿದರೆ ಶಾಯಿ ಖಾಲಿ, ತ್ಯಾಜ್ಯ ಶಾಯಿಯ ಪ್ಯಾಡ್ ಭರ್ತಿ, ಇಷ್ಟೇ ಲಾಭ.

ಲೇಸರ್ ಪ್ರಿಂಟರ್ ಅರ್ಧ ಪುಟಕ್ಕೆ ನಿಂತು ಮತ್ತೆ ಚಾಲೂ ಆಗುತ್ತಿದ್ದರೆ ಅದನ್ನು ಎಲ್ಲಿಗೆ ಚುಚ್ಚಿದ್ದೀರಿ ನೋಡಿ. ಟೋನರನ್ನು ಕಾಗದಕ್ಕೆ ಅಂಟಿಸುವ ಬಿಸಿ ಉರುಳೆಯನ್ನು (ಫ್ಯೂಸರ್) ಕಾಯಿಸುವಾಗ ಅದು ಕೆಲ ಕ್ಷಣ ಭಾರಿ ಕರೆಂಟ್ ಎಳೆಯುತ್ತದೆ. ಕಂಪ್ಯೂಟರಿಗೆ ಇಟ್ಟ 600 ವಿಎ ಯುಪಿಎಸ್ ಅದನ್ನು ತಾಳುವುದಿಲ್ಲ. ನೇರವಾಗಿ ಗೋಡೆಯ ಸಾಕೆಟ್‌ಗೆ ಹಾಕಿ.

ಕಂಪ್ಯೂಟರಿಗೆ ಕಾಣುತ್ತಿದೆಯೇ

ಕೇಬಲ್ ಸೇರಿಸಿ 'ಎಲ್‌ಎಸ್‌ಯುಎಸ್‌ಬಿ' ಕೊಡಿ. ಪಟ್ಟಿಯಲ್ಲಿ ಪ್ರಿಂಟರ್ ಇದ್ದರೆ ಅದರ ತಯಾರಕ ಸಂಖ್ಯೆ ಕಾಣುತ್ತದೆ: ಎಚ್‌ಪಿ 03ಎಫ್0, ಕ್ಯಾನನ್ 04ಎ9, ಎಪ್ಸನ್ 04ಬಿ8, ಬ್ರದರ್ 04ಎಫ್9. ಕಾಣದಿದ್ದರೆ ಡ್ರೈವರ್ ಬಗ್ಗೆ ಯೋಚಿಸಲೇಬೇಡಿ. ಕೇಬಲ್ ಬದಲಿಸಿ, ಹಬ್ ತೆಗೆದು ಮದರ್‌ಬೋರ್ಡ್‌ನ ಹಿಂಬದಿಯ ಪೋರ್ಟ್‌ಗೆ ಹಾಕಿ. 'ಡಿಮೆಸೇಜ್' ಅಲ್ಲ, 'ಡಿಮೆಸ್ಗ್' ಎಂದು ಕೊಟ್ಟಾಗ ಕೊನೆಯ ಸಾಲುಗಳಲ್ಲಿ ಡಿಸ್ಕ್ರಿಪ್ಟರ್ ಓದಲಾಗಲಿಲ್ಲ, ಎರರ್ -71 ಎಂದಿದ್ದರೆ ತಪ್ಪು ಹೆಚ್ಚಾಗಿ ಕೇಬಲ್‌ನದ್ದೋ ಪೋರ್ಟ್‌ನದ್ದೋ. ಮೂರು ಮೀಟರ್‌ಗಿಂತ ಉದ್ದದ ಅಗ್ಗದ ಕೇಬಲ್‌ಗಳಲ್ಲಿ ಇದು ಸಾಮಾನ್ಯ.

ಕಂಡಿತು ಎಂದಾದರೆ 'ಎಲ್‌ಪಿಇನ್ಫೋ -ವಿ' ಕೊಡಿ. ಕಪ್ಸ್‌ಗೆ ಆ ಯಂತ್ರ ಯಾವ ವಿಳಾಸದಲ್ಲಿ ಸಿಗುತ್ತಿದೆ ಎಂದು ಇದು ಹೇಳುತ್ತದೆ. ಯುಎಸ್‌ಬಿ ಎಂದು ಶುರುವಾದರೆ ಹಳೆಯ ದಾರಿ, ಎಚ್‌ಪಿ ಎಂದಿದ್ದರೆ ಎಚ್‌ಪ್ಲಿಪ್ (ಎಚ್‌ಪಿ ಕಂಪನಿಯ ಲಿನಕ್ಸ್ ತಂತ್ರಾಂಶ) ಮೂಲಕ, ಐಪಿಪಿ (ಇಂಟರ್‌ನೆಟ್ ಪ್ರಿಂಟಿಂಗ್ ಪ್ರೊಟೊಕಾಲ್) ಎಂದಿದ್ದರೆ ಡ್ರೈವರ್ ಬೇಡದ ಹೊಸ ದಾರಿ.

ಇಲ್ಲೊಂದು ಗೊಂದಲ ಬಹಳ ಜನರನ್ನು ಕಾಡುತ್ತದೆ. ಇತ್ತೀಚಿನ ಲಿನಕ್ಸ್‌ಗಳಲ್ಲಿ ಐಪಿಪಿ-ಯುಎಸ್‌ಬಿ ಎಂಬ ಸೇವೆ ತಾನಾಗಿ ಚಾಲೂ ಇರುತ್ತದೆ. ಪ್ರಿಂಟರ್‌ಗೆ ಆ ಭಾಷೆ ಬರುತ್ತದೆ ಎಂದಾದರೆ ಈ ಸೇವೆ ಯುಎಸ್‌ಬಿಯನ್ನು ಪೂರ್ತಿ ತನ್ನ ಹಿಡಿತಕ್ಕೆ ತೆಗೆದುಕೊಳ್ಳುತ್ತದೆ. ಸಿಸ್ಟಂ ಅಪ್‌ಗ್ರೇಡ್ ಮಾಡಿದ ಮರುದಿನ, ವರ್ಷಗಳಿಂದ ನಡೆಯುತ್ತಿದ್ದ ಹಳೆಯ ಸಾಲು 'ಪ್ರಿಂಟರ್‌ಗಾಗಿ ಕಾಯುತ್ತಿದೆ' ಎಂದು ನಿಂತುಬಿಡುವುದು ಇದರಿಂದಲೇ. ಮದ್ದು ಸರಳ: ಹಳೆಯ ಸಾಲನ್ನು ಅಳಿಸಿ, ಪಟ್ಟಿಯಲ್ಲಿ ಹೊಸದಾಗಿ ಕಾಣುವ ಡ್ರೈವರ್‌ಲೆಸ್ ನಮೂದನ್ನು ಸೇರಿಸಿ. ಹಾಗೆ ಮಾಡಿಯೂ ಪುಟ ಕೆಟ್ಟು ಬಂದರೆ ಆ ಪ್ರಿಂಟರ್‌ನ ಫರ್ಮ್‌ವೇರ್‌ನಲ್ಲೇ (ಯಂತ್ರದೊಳಗೆ ಓಡುವ ತಂತ್ರಾಂಶದಲ್ಲೇ) ಐಪಿಪಿ ಸರಿಯಿಲ್ಲ ಎಂದರ್ಥ. ಆಗ ಮಾತ್ರ ಐಪಿಪಿ-ಯುಎಸ್‌ಬಿ ಸೇವೆಯನ್ನು ನಿಲ್ಲಿಸಿ ಹಳೆಯ ಡ್ರೈವರ್‌ಗೆ ಮರಳಿ.

ಸಾಲು ನಿಂತಿದೆಯೇ

'ಎಲ್‌ಪಿಸ್ಟ್ಯಾಟ್ -ಟಿ' ಕೊಟ್ಟು ಓದಿ. ಮೊದಲ ಸಾಲಿನಲ್ಲಿ ಶೆಡ್ಯೂಲರ್ ನಡೆಯುತ್ತಿದೆ ಎಂದಿರಬೇಕು. ಪ್ರಿಂಟರ್ ಹೆಸರಿನ ಎದುರು ಡಿಸೇಬಲ್ಡ್ ಎಂದು ಕಂಡರೆ, ಯಂತ್ರ ಆಫ್ ಇದ್ದಾಗ ಯಾರೋ ಪ್ರಿಂಟ್ ಕೊಟ್ಟಿದ್ದಾರೆ, ಒಂದು ಕೆಲಸ ಸೋತಿದ್ದಕ್ಕೆ ಕಪ್ಸ್ ಇಡೀ ಸಾಲನ್ನೇ ನಿಲ್ಲಿಸಿದೆ. ಕರೆಂಟ್ ಹೋಗಿ ಬರುವ ಮನೆಗಳಲ್ಲಿ ಇದು ವಾರಕ್ಕೊಮ್ಮೆಯಾದರೂ ಆಗುತ್ತದೆ. ಸಿಕ್ಕಿಬಿದ್ದ ಕೆಲಸಗಳನ್ನು 'ಕ್ಯಾನ್ಸಲ್ -ಎ' ಕೊಟ್ಟು ಅಳಿಸಿ, 'ಕಪ್ಸ್‌ಎನೇಬಲ್' ಮತ್ತು ಸಾಲಿನ ಹೆಸರು ಕೊಟ್ಟು ಮತ್ತೆ ನಡೆಸಿ. ಮತ್ತೆ ಮತ್ತೆ ಆಗದಂತೆ ತಡೆಯಲು ದೋಷ ಬಂದಾಗ ಏನು ಮಾಡಬೇಕೆಂಬ ನೀತಿಯನ್ನೇ ಬದಲಿಸಿ: ಬ್ರೌಸರ್‌ನಲ್ಲಿ ಲೋಕಲ್‌ಹೋಸ್ಟ್‌ನ 631ನೇ ಪೋರ್ಟ್ ತೆರೆದು, ಆ ಪ್ರಿಂಟರ್‌ನ ಆಡಳಿತ ಪಟ್ಟಿಯಲ್ಲಿ ಡೀಫಾಲ್ಟ್ ಆಯ್ಕೆಗಳಿಗೆ ಹೋಗಿ, ಎರರ್ ಪಾಲಿಸಿಯನ್ನು ಸ್ಟಾಪ್-ಪ್ರಿಂಟರ್‌ನಿಂದ ರೀಟ್ರೈ-ಜಾಬ್‌ಗೆ ಮಾಡಿ.

ಅದೇ ಪುಟದಲ್ಲಿ ಕಾಗದದ ಅಳತೆಯನ್ನೂ ನೋಡಿ. ಸಿಸ್ಟಂ ಅಳವಡಿಸುವಾಗ ಅಮೆರಿಕದ ಇಂಗ್ಲಿಷ್ ಆರಿಸಿದ್ದರೆ ಅಳತೆ ಲೆಟರ್ ಆಗಿಬಿಟ್ಟಿರುತ್ತದೆ, ಅಂದರೆ 216 × 279 ಮಿ.ಮೀ. ತಟ್ಟೆಯಲ್ಲಿರುವುದು ಎ4, 210 × 297. ಯಂತ್ರ ದೀಪ ಮಿನುಗಿಸುತ್ತ ಕಾಗದ ಕೇಳುತ್ತಲೇ ಇದ್ದರೆ, ಕಾಗದವಂತೂ ತಟ್ಟೆ ತುಂಬ ಇದ್ದರೆ, ಕಾರಣ ಇದೇ.

ಫಿಲ್ಟರ್ ಫೇಲ್ಡ್ ಎಂದರೆ

ಲಿನಕ್ಸ್ ಮುದ್ರಣದಲ್ಲಿ ಅತಿ ಹೆಚ್ಚು ಕಾಣುವ, ಅತಿ ಕಡಿಮೆ ಹೇಳುವ ಸಂದೇಶ ಇದು. ಪುಟವನ್ನು ತಿರುಗಿಸುವ ಕಾರ್ಯಕ್ರಮ ನಡುವೆಯೇ ಸತ್ತಿದೆ ಎಂದಷ್ಟೇ ಇದರ ಅರ್ಥ. ಏಕೆ ಎಂದು ತಿಳಿಯಲು 'ಕಪ್ಸ್‌ಸಿಟಿಎಲ್ --ಡೀಬಗ್-ಲಾಗಿಂಗ್' ಕೊಟ್ಟು, ಒಂದೇ ಒಂದು ಪುಟ ಪ್ರಿಂಟ್ ಕೊಟ್ಟು, ವಾರ್ ಕಡತಕೋಶದ ಲಾಗ್ ಒಳಗಿನ ಕಪ್ಸ್‌ನಲ್ಲಿರುವ ಎರರ್ ಲಾಗ್ ತೆರೆಯಿರಿ. ಆ ಕೆಲಸದ ಸಂಖ್ಯೆ ಹುಡುಕಿ, ಕೆಳಗಿನಿಂದ ಮೇಲಕ್ಕೆ ಓದಿ. ಅಂಥ ಕಡತವೇ ಇಲ್ಲ ಎಂದಿದ್ದರೆ ಡ್ರೈವರ್ ಅರ್ಧಂಬರ್ಧ ಅಳವಡಿಕೆಯಾಗಿದೆ. ಇನ್‌ಸೆಕ್ಯೂರ್ ಪರ್ಮಿಷನ್ಸ್ ಎಂದಿದ್ದರೆ ಫಿಲ್ಟರ್ ಕಡತದ ಒಡೆತನ ಹೆಚ್ಚಾಗಿ ರೂಟ್‌ಗೆ (ಸಿಸ್ಟಂನ ಮುಖ್ಯ ಆಡಳಿತ ಖಾತೆಗೆ) ಇಲ್ಲ. ಕಡತ ಇದ್ದೂ ಅದು ಇಲ್ಲ ಎನ್ನುತ್ತಿದ್ದರೆ ಅದು 32 ಬಿಟ್‌ನ ಕಾರ್ಯಕ್ರಮ, ನಿಮ್ಮ 64 ಬಿಟ್ ಸಿಸ್ಟಂನಲ್ಲಿ ಅದಕ್ಕೆ ಬೇಕಾದ ಲೈಬ್ರರಿಗಳಿಲ್ಲ. ಕೆಲಸ ಮುಗಿದ ಮೇಲೆ ಡೀಬಗ್ ಲಾಗಿಂಗ್ ನಿಲ್ಲಿಸಲು ಮರೆಯಬೇಡಿ, ಲಾಗ್ ಬೆಳೆಯುತ್ತಲೇ ಇರುತ್ತದೆ.

ಇನ್ನು ನಮ್ಮ ಮನೆ, ಅಂಗಡಿ, ಸಣ್ಣ ಕಚೇರಿಗಳಲ್ಲಿ ಹೆಚ್ಚು ಕಾಣುವ ಯಂತ್ರಗಳ ವಿಚಾರಕ್ಕೆ ಬರೋಣ.

ಎಚ್‌ಪಿ ಲೇಸರ್‌ಜೆಟ್ 1020. ಗಟ್ಟಿ ಯಂತ್ರ, ಟೋನರ್ ಎಲ್ಲ ಕಡೆ ಸಿಗುತ್ತದೆ, ಹಾಗಾಗಿ ಹಳೆಯದೂ ಕೈಬದಲಾಗುತ್ತ ನಡೆಯುತ್ತಿದೆ. ಎಲ್‌ಎಸ್‌ಯುಎಸ್‌ಬಿಯಲ್ಲಿ 03ಎಫ್0:2ಬಿ17 ಎಂದು ಕಾಣುತ್ತದೆ. ಇದರೊಳಗೆ ಫರ್ಮ್‌ವೇರ್ ಶಾಶ್ವತವಾಗಿ ನಿಲ್ಲುವುದಿಲ್ಲ. ಪ್ರತಿ ಸಲ ಆನ್ ಮಾಡಿದಾಗಲೂ ಕಂಪ್ಯೂಟರ್ ಅದನ್ನು ಕಳಿಸಬೇಕು. ಆ ಕಡತ ಎಚ್‌ಪ್ಲಿಪ್‌ನ ಮುಕ್ತ ಭಾಗದಲ್ಲಿಲ್ಲ, 'ಎಚ್‌ಪಿ-ಪ್ಲಗಿನ್' ಎಂಬ ಆದೇಶದಿಂದ ಬೇರೆಯಾಗಿ ಇಳಿಸಿಕೊಳ್ಳಬೇಕಾದ ಮುಚ್ಚಿದ ತುಣುಕಿನಲ್ಲಿದೆ. ಲಕ್ಷಣ ಹೀಗಿರುತ್ತದೆ: ಕೆಲಸ ಸಾಲಿನಿಂದ ಮಾಯವಾಗುತ್ತದೆ, ಪೂರ್ಣಗೊಂಡಿತು ಎಂದೂ ತೋರಿಸಬಹುದು, ಯಂತ್ರ ಮಾತ್ರ ಸದ್ದೇ ಮಾಡುವುದಿಲ್ಲ. 'ಎಚ್‌ಪಿ-ಫರ್ಮ್‌ವೇರ್' ಓಡಿಸಿ ನೋಡಿ. ಆಗ ಪ್ರಿಂಟ್ ಬಂದು, ಆಫ್ ಮಾಡಿ ಆನ್ ಮಾಡಿದ ಮೇಲೆ ಮತ್ತೆ ನಿಂತರೆ ಯಂತ್ರ ಸೇರಿಸಿದ ಕೂಡಲೇ ಅದನ್ನು ತಾನಾಗಿ ಕಳಿಸುವ ಲಿನಕ್ಸ್‌ನ ಯುಡೆವ್ ನಿಯಮ ಕೆಲಸ ಮಾಡುತ್ತಿಲ್ಲ. ಎಚ್‌ಪ್ಲಿಪ್ ಅಪ್‌ಗ್ರೇಡ್ ಆದಾಗಲೆಲ್ಲ ಪ್ಲಗಿನ್‌ನ ಆವೃತ್ತಿಯೂ ಅದಕ್ಕೆ ಸರಿಹೊಂದಬೇಕು. ಹೊಂದದಿದ್ದರೆ ಮತ್ತೆ ಅದೇ ಮೌನ. ಫೂ2ಝಡ್‌ಜೆಎಸ್ ಎಂಬ ಬೇರೆ ಡ್ರೈವರ್ ಕೂಡ ಇದೆ, ಚೆನ್ನಾಗಿಯೇ ನಡೆಯುತ್ತದೆ. ಆದರೆ ಎರಡನ್ನೂ ಒಟ್ಟಿಗೆ ಇಡಬೇಡಿ, ಫರ್ಮ್‌ವೇರ್ ಕಳಿಸುವ ವಿಷಯದಲ್ಲಿ ಒಂದಕ್ಕೊಂದು ಅಡ್ಡ ಬರುತ್ತವೆ. ಪಿ1007ಕ್ಕೂ ಇದೇ ಮಾತು.

ಕ್ಯಾನನ್ ಎಲ್‌ಬಿಪಿ2900. ಸಂಖ್ಯೆ 04ಎ9:2676, ಹೆಸರು ಕ್ಯಾಪ್ಟ್ ಡಿವೈಸ್. ಈ ಯಂತ್ರದ ಬಗ್ಗೆ ನೇರವಾಗಿ ಹೇಳಬೇಕು: ಇದು ಲಿನಕ್ಸ್‌ಗೆ ತಕ್ಕದ್ದಲ್ಲ. ಕಂಪನಿಯ ಕ್ಯಾಪ್ಟ್ ಡ್ರೈವರ್ ಹಳೆಯದಾಗಿದೆ, ಅದರ ಒಳಭಾಗಗಳು 32 ಬಿಟ್‌ನವು, ಸಿಸಿಪಿಡಿ ಎಂಬ ಹಿನ್ನೆಲೆ ಸೇವೆ ಯಾವಾಗಲೂ ನಡೆಯುತ್ತಿರಬೇಕು. ಆ ಸೇವೆ ಕಪ್ಸ್‌ಗಿಂತ ಮುಂಚೆ ಎದ್ದರೂ ತೊಂದರೆ, ಪ್ರಿಂಟರ್ ಆಫ್ ಇದ್ದಾಗ ಎದ್ದರೂ ತೊಂದರೆ. ಪ್ರಿಂಟ್ ನಿಂತಾಗ ಪ್ರಿಂಟರ್ ಆನ್ ಮಾಡಿ, ಕಪ್ಸ್ ಮತ್ತೆ ಚಾಲೂ ಮಾಡಿ, ಆಮೇಲೆ ಸಿಸಿಪಿಡಿ ಮತ್ತೆ ಚಾಲೂ ಮಾಡಿ, ಇದೇ ಕ್ರಮದಲ್ಲಿ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮೇಲೆ ಆ ಡ್ರೈವರ್ ಓಡುವುದೇ ಇಲ್ಲ. ಸ್ವಯಂಸೇವಕರು ಈ ಗುಟ್ಟಿನ ಭಾಷೆಯನ್ನು ಬಿಡಿಸಿ ಬರೆದ ಕ್ಯಾಪ್ಟ್‌ಡ್ರೈವರ್ ಎಂಬ ಮುಕ್ತ ತಂತ್ರಾಂಶ ಇದೆ. ಕೈಯಲ್ಲಿ ಈ ಯಂತ್ರ ಇದ್ದರೆ ಪ್ರಯತ್ನಿಸಿ. ಇಲ್ಲದಿದ್ದರೆ ಅಗ್ಗವಾಗಿ ಸಿಕ್ಕಿತೆಂದು ತರಬೇಡಿ.

ಬ್ರದರ್‌ನ ಕಪ್ಪು ಬಿಳುಪು ಲೇಸರ್‌ಗಳದ್ದು ಬೇರೆ ಕತೆ. ಕಂಪನಿ ಕೊಡುವ ಹಳೆಯ ಡ್ರೈವರ್‌ಗಳು 32 ಬಿಟ್‌ನವು, ಅವುಗಳಿಂದಲೇ ಫಿಲ್ಟರ್ ಫೇಲ್ಡ್ ಬರುತ್ತದೆ. ಅದನ್ನು ತೆಗೆದು ಬಿಆರ್‌ಲೇಸರ್ ಎಂಬ ಮುಕ್ತ ಡ್ರೈವರ್ ಹಾಕಿದರೆ ಎಚ್‌ಎಲ್-ಎಲ್2300 ಸರಣಿಯಂಥವು ಸಲೀಸಾಗಿ ನಡೆಯುತ್ತವೆ, ಪೈ ಮೇಲೂ ನಡೆಯುತ್ತವೆ. ನಿಮ್ಮ ಮಾದರಿಯ ಸಂಖ್ಯೆ ಪಟ್ಟಿಯಲ್ಲಿ ಇಲ್ಲದಿದ್ದರೆ ಹತ್ತಿರದ ಸಂಖ್ಯೆ ಆರಿಸಿ ಒಂದು ಪುಟ ತೆಗೆದು ನೋಡಿ. ಎಪ್ಸನ್ ಇಂಕ್ ಟ್ಯಾಂಕ್‌ಗಳಲ್ಲಿ ಎಲ್3110, ಎಲ್3150 ಮುಂತಾದವಕ್ಕೆ ಇಎಸ್‌ಸಿಪಿಆರ್ ಡ್ರೈವರ್ ಇದೆ. ಮೂಲಸಂಕೇತ ಮುಕ್ತವಾಗಿದೆ, ಡೆಬಿಯನ್ ಮತ್ತು ಉಬುಂಟುವಿನ ಭಂಡಾರದಲ್ಲೇ ಸಿಗುತ್ತದೆ.

ಕನ್ನಡ ಅಕ್ಷರ ಮಾತ್ರ ಕೆಟ್ಟು ಬಂದರೆ

ಇಂಗ್ಲಿಷ್ ಪುಟ ಸರಿ, ಕನ್ನಡ ಪುಟ ಹಾಳು ಎಂದರೆ ಪ್ರಿಂಟರ್‌ನ ತಪ್ಪಲ್ಲ. ಮೂರು ಕಾರಣಗಳಿವೆ. ಸಾದಾ ಪಠ್ಯದ ಕಡತವನ್ನು ನೇರವಾಗಿ 'ಎಲ್‌ಪಿ' ಆದೇಶಕ್ಕೆ ಕೊಟ್ಟರೆ ಅದನ್ನು ಪಿಡಿಎಫ್ ಮಾಡುವ ಟೆಕ್ಸ್ಟ್‌ಟುಪಿಡಿಎಫ್ ಫಿಲ್ಟರ್‌ಗೆ ಒತ್ತಕ್ಷರ ಜೋಡಿಸಲು ಬರುವುದಿಲ್ಲ. ಚೌಕಗಳೋ ಬಿಡಿಬಿಡಿ ತುಂಡುಗಳೋ ಬರುತ್ತವೆ. ಲಿಬ್ರೆ ಆಫೀಸ್‌ನಲ್ಲಿ ತೆರೆದು ಪಿಡಿಎಫ್ ಮಾಡಿ ಕಳಿಸಿ, ಅಥವಾ ಅಕ್ಷರ ಜೋಡಿಸಬಲ್ಲ ಪ್ಯಾಂಗೋ ಲೈಬ್ರರಿ ಬಳಸುವ ಪ್ಯಾಪ್ಸ್ ಎಂಬ ಸಾಧನ ಬಳಸಿ.

ಎರಡನೆಯದು ನುಡಿ, ಬರಹಗಳ ಹಳೆಯ ಆಸ್ಕಿ ಫಾಂಟ್‌ನಲ್ಲಿ ಬರೆದ ಕಡತ. ಆ ಫಾಂಟ್ ನಿಮ್ಮ ಯಂತ್ರದಲ್ಲಿ ಇಲ್ಲದಿದ್ದರೆ ತೆರೆಯ ಮೇಲೂ ಕಾಗದದ ಮೇಲೂ ಇಂಗ್ಲಿಷ್ ಅಕ್ಷರಗಳ ತಲೆಗೆ ಸೊಟ್ಟ ಗೆರೆ ಎಳೆದಂಥ ಗೊಜಲು ಕಾಣುತ್ತದೆ. ಅದೇ ಫಾಂಟ್ ಹಾಕಿ, ಇಲ್ಲವೇ ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸಿ. ಪರಿವರ್ತಿಸಿದ ಮೇಲೆ ನೋಟೊ ಸಾನ್ಸ್ ಕನ್ನಡ, ಲೋಹಿತ್, ಗುಬ್ಬಿ, ನವಿಲು, ಯಾವುದಾದರೂ ಒಂದು ಫಾಂಟ್ ಅಳವಡಿಸಿದ್ದರೆ ಸಾಕು.

ಮೂರನೆಯದು ತೆರೆಯ ಮೇಲೆ ಸರಿಯಾಗಿ ಕಂಡು ಕಾಗದದಲ್ಲಿ ಕೆಡುವ ಪಿಡಿಎಫ್. 'ಪಿಡಿಎಫ್‌ಫಾಂಟ್ಸ್' ಎಂದು ಕಡತದ ಹೆಸರು ಕೊಡಿ, ಇಎಂಬಿ ಎಂಬ ಕಾಲಂ ನೋಡಿ. ಕನ್ನಡ ಫಾಂಟ್‌ನ ಎದುರು ನೋ ಎಂದಿದ್ದರೆ ಫಾಂಟ್ ಕಡತದೊಳಗೆ ಇಲ್ಲ, ಕಡತ ಮಾಡಿದವರು ಅದನ್ನು ಸೇರಿಸಿ ಮತ್ತೆ ಮಾಡಬೇಕು. ಎಸ್ ಎಂದಿದ್ದೂ ಕೆಟ್ಟರೆ ಒಕ್ಯುಲರ್‌ನಲ್ಲಿ ತೆರೆದು, ಪ್ರಿಂಟ್ ಆಯ್ಕೆಗಳಲ್ಲಿ ರಾಸ್ಟರೈಸೇಶನ್ ಒತ್ತಾಯಿಸಿ ಎಂಬುದನ್ನು ಗುರುತು ಮಾಡಿ. ಪುಟ ಚಿತ್ರವಾಗಿ ಹೋಗುತ್ತದೆ. ನಿಧಾನ, ಆದರೆ ತೆರೆಯ ಮೇಲೆ ಕಂಡದ್ದೇ ಕಾಗದಕ್ಕೆ ಬರುತ್ತದೆ.

ವೈಫೈ ಪ್ರಿಂಟರ್ ಇದ್ದಕ್ಕಿದ್ದಂತೆ ಕಾಣೆ

ಮೊದಲು ಪ್ರಿಂಟರ್‌ನ ನೆಟ್‌ವರ್ಕ್ ವಿವರದ ಪುಟ ತೆಗೆದು ಅದರ ಐಪಿ ವಿಳಾಸ ನೋಡಿ, 'ಪಿಂಗ್' ಮಾಡಿ. ಉತ್ತರ ಬರದಿದ್ದರೆ ಪ್ರಿಂಟರ್ ಬೇರೆ ಜಾಲದಲ್ಲಿದೆ, ಅತಿಥಿ ವೈಫೈಗೆ ಸೇರಿದೆ, ಅಥವಾ ರೂಟರ್‌ನಲ್ಲಿ ಸಾಧನಗಳು ಪರಸ್ಪರ ಮಾತಾಡದಂತೆ ತಡೆಯುವ ಐಸೊಲೇಶನ್ ಆಯ್ಕೆ ಆನ್ ಇದೆ. ಮನೆಯ ಅಗ್ಗದ ಪ್ರಿಂಟರ್‌ಗಳು ಹೆಚ್ಚಾಗಿ 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುತ್ತವೆ ಎಂಬುದೂ ನೆನಪಿರಲಿ. ಲ್ಯಾಪ್‌ಟಾಪ್‌ನಲ್ಲಿ ಕಚೇರಿಯ ವಿಪಿಎನ್ ಚಾಲೂ ಇದ್ದರೆ ಅದನ್ನು ನಿಲ್ಲಿಸಿ ನೋಡಿ, ಮನೆಯಿಂದ ಕೆಲಸ ಮಾಡುವವರ ವಿಷಯದಲ್ಲಿ ಬಹಳ ಸಲ ಕಾರಣ ಇಷ್ಟೇ ಆಗಿರುತ್ತದೆ.

ಪಿಂಗ್‌ಗೆ ಉತ್ತರ ಬಂದು, 'ಡ್ರೈವರ್‌ಲೆಸ್' ಆದೇಶದ ಪಟ್ಟಿಯಲ್ಲಿ ಮಾತ್ರ ಕಾಣದಿದ್ದರೆ ಹುಡುಕುವ ಪದರ ಕೆಟ್ಟಿದೆ. ಜಾಲದಲ್ಲಿನ ಸಾಧನಗಳನ್ನು ಹುಡುಕುವ ಅವಾಹಿ ಸೇವೆ ನಡೆಯುತ್ತಿರಬೇಕು, ಫೈರ್‌ವಾಲ್ ಯುಡಿಪಿ 5353ನೇ ಪೋರ್ಟ್ ಮುಚ್ಚಿರಬಾರದು. ಕೆಲಸ ಕೊಟ್ಟಾಗ ಕಪ್ಸ್-ಬ್ರೌಸ್ಡ್‌ಗೆ (ಜಾಲದ ಪ್ರಿಂಟರ್‌ಗಳಿಗೆ ತಾನಾಗಿ ಸಾಲು ಮಾಡುವ ಸೇವೆ) ಸೂಕ್ತ ಹೋಸ್ಟ್ ಸಿಗಲಿಲ್ಲ ಎಂಬ ಸಂದೇಶ ಬಂದರೆ ತಾನಾಗಿ ಹುಟ್ಟಿದ ಆ ಸಾಲಿನ ಹಿಂದೆ ಬೀಳಬೇಡಿ. ರೂಟರ್‌ನಲ್ಲಿ ಪ್ರಿಂಟರ್‌ಗೆ ಒಂದು ವಿಳಾಸ ಕಾಯ್ದಿರಿಸಿ, ಉದಾಹರಣೆಗೆ 192.168.1.50, ಆಮೇಲೆ ಶಾಶ್ವತ ಸಾಲು ಮಾಡಿ: 'ಎಲ್‌ಪಿಅಡ್ಮಿನ್ -ಪಿ ಮನೆ -ಇ -ವಿ ಐಪಿಪಿ://192.168.1.50/ಐಪಿಪಿ/ಪ್ರಿಂಟ್ -ಎಂ ಎವೆರಿವೇರ್'. ಇಲ್ಲಿ ಇ ಮಾತ್ರ ದೊಡ್ಡಕ್ಷರ. ಸಾಲಿನ ಹೆಸರಿನ ನಡುವೆ ಜಾಗ ಬಿಡಬಾರದು. ಹೀಗೆ ಸಾಲು ಮಾಡಿದ ಮೇಲೆ ಮನೆಯಲ್ಲಿ ಕಪ್ಸ್-ಬ್ರೌಸ್ಡ್ ಬೇಕಾಗುವುದು ಅಪರೂಪ. 2024ರ ಸೆಪ್ಟೆಂಬರ್‌ನಲ್ಲಿ ಅದರಲ್ಲಿ ದೂರದಿಂದ ದಾಳಿ ಮಾಡಬಹುದಾದ ಗಂಭೀರ ಲೋಪ ಬಯಲಾಯಿತು. ತಿದ್ದುಪಡಿ ಬಂದಿದೆ, ಆದರೂ ಬೇಡದ ಸೇವೆಯನ್ನು ನಿಲ್ಲಿಸಿಡುವುದೇ ಒಳ್ಳೆಯದು.

ಹೊಸದನ್ನೇ ಕೊಳ್ಳಬೇಕಾದರೆ

ಡ್ರೈವರ್ ಹಾಕುವಾಗ 'ಪ್ರಿಂಟರ್ ಡ್ರೈವರ್‌ಗಳ ಕಾಲ ಮುಗಿಯುತ್ತ ಬಂತು, ಮುಂದೊಂದು ಆವೃತ್ತಿಯಲ್ಲಿ ನಡೆಯುವುದಿಲ್ಲ' ಎಂಬರ್ಥದ ಎಚ್ಚರಿಕೆಯನ್ನು ಕಪ್ಸ್ ಕೊಡುತ್ತದೆ. ಇವತ್ತಿಗೆ ಅದು ದೋಷವಲ್ಲ, ಹೆದರಬೇಕಿಲ್ಲ. ಆದರೆ ಕಪ್ಸ್ 3ರಲ್ಲಿ ಪಿಪಿಡಿ (ಪ್ರಿಂಟರ್‌ನ ವಿವರ ಹೇಳುವ ಕಡತ) ಆಧಾರದ ಡ್ರೈವರ್‌ಗಳು ಇರುವುದಿಲ್ಲ, ಹಳೆಯ ಯಂತ್ರಗಳನ್ನು ಪ್ರಿಂಟರ್ ಅಪ್ಲಿಕೇಶನ್ ಎಂಬ ಪ್ರತ್ಯೇಕ ಕಾರ್ಯಕ್ರಮಗಳ ಮೂಲಕವೇ ನಡೆಸಬೇಕಾಗುತ್ತದೆ. ಹತ್ತು ವರ್ಷ ಬಾಳಬೇಕಾದ ವಸ್ತುವನ್ನು ಈಗ ಕೊಳ್ಳುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ವಿವರಪಟ್ಟಿಯಲ್ಲಿ ಏರ್‌ಪ್ರಿಂಟ್, ಮೊಪ್ರಿಯಾ, ಐಪಿಪಿ ಎವೆರಿವೇರ್ ಈ ಮೂರರಲ್ಲಿ ಒಂದಾದರೂ ಇದೆಯೇ ಹುಡುಕಿ. ಇದ್ದರೆ ಡ್ರೈವರ್ ಇಲ್ಲದೆ ನಡೆಯುವ ಸಾಧ್ಯತೆ ಬಹಳ ಹೆಚ್ಚು. ಪಿಸಿಎಲ್ 6 ಅಥವಾ ಪೋಸ್ಟ್‌ಸ್ಕ್ರಿಪ್ಟ್ 3 ಇದ್ದರೂ ನಿಶ್ಚಿಂತೆ. ಮೊಬೈಲ್ ಆ್ಯಪ್‌ನಿಂದ ಪ್ರಿಂಟ್ ಆಗುತ್ತದೆ, ವೈಫೈ ಡೈರೆಕ್ಟ್ ಇದೆ ಎಂಬ ಮಾತುಗಳು ಈ ಮೂರಕ್ಕೆ ಸಮವಲ್ಲ, ಆ ಆ್ಯಪ್ ಕಂಪನಿಯ ಗುಟ್ಟಿನ ಭಾಷೆಯಲ್ಲೇ ಮಾತಾಡುತ್ತಿರಬಹುದು. ಪೆಟ್ಟಿಗೆಯ ಮೇಲೆ ಲಿನಕ್ಸ್ ಎಂದು ಬರೆದಿದ್ದರೂ ಯಾವ ಪ್ರೊಸೆಸರ್‌ಗೆ, ಎಷ್ಟು ಬಿಟ್‌ಗೆ ಎಂದು ಕೇಳಿ.

ತಿಂಗಳಿಗೆ ಹತ್ತಿಪ್ಪತ್ತು ಪುಟ, ಅದೂ ಅರ್ಜಿ, ಪಹಣಿ, ಮಕ್ಕಳ ಪಾಠ ಎಂದಾದರೆ ಕಪ್ಪು ಬಿಳುಪು ಲೇಸರ್ ತೆಗೆದುಕೊಳ್ಳಿ. ಆರು ತಿಂಗಳು ಮುಟ್ಟದಿದ್ದರೂ ಟೋನರ್ ಒಣಗುವುದಿಲ್ಲ. ಬಣ್ಣ ಬೇಕೇ ಬೇಕು, ವಾರಕ್ಕೊಂದಾದರೂ ಬಣ್ಣದ ಪುಟ ತೆಗೆಯುತ್ತೇವೆ ಎನ್ನುವವರಿಗೆ ಇಂಕ್ ಟ್ಯಾಂಕ್. ಸ್ಕ್ಯಾನರ್ ಇರುವ ಯಂತ್ರವಾದರೆ ಡ್ರೈವರ್ ಇಲ್ಲದೆ ಸ್ಕ್ಯಾನ್ ಮಾಡಿಸುವ ಇಎಸ್‌ಸಿಎಲ್ ಭಾಷೆ ಬರಬೇಕು, ಆಗ ಸೇನ್-ಏರ್‌ಸ್ಕ್ಯಾನ್ ಎಂಬ ಮುಕ್ತ ತಂತ್ರಾಂಶ ಸಾಕು. ಪ್ರಿಂಟ್ ನಡೆದು ಸ್ಕ್ಯಾನ್ ನಡೆಯದ ಯಂತ್ರಗಳಿವೆ, ಎರಡನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿ.

ಸಾಧ್ಯವಾದರೆ ಲ್ಯಾಪ್‌ಟಾಪನ್ನು ಅಂಗಡಿಗೇ ಒಯ್ಯಿರಿ. ಯುಎಸ್‌ಬಿ ಸೇರಿಸಿ 'ಎಲ್‌ಎಸ್‌ಯುಎಸ್‌ಬಿ -ವಿ' ಕೊಟ್ಟು ಇಂಟರ್‌ಫೇಸ್‌ಗಳ ಸಾಲು ನೋಡಿ: ಕ್ಲಾಸ್ 7, ಸಬ್‌ಕ್ಲಾಸ್ 1, ಪ್ರೊಟೊಕಾಲ್ 4 ಎಂಬ ಗುಂಪು ಕನಿಷ್ಠ ಎರಡು ಕಡೆ ಕಂಡರೆ ಯುಎಸ್‌ಬಿ ಮೇಲೆ ಐಪಿಪಿ ಇದೆ. ಪ್ರೊಟೊಕಾಲ್ 1 ಅಥವಾ 2 ಮಾತ್ರ ಇದ್ದರೆ ಡ್ರೈವರ್ ಬೇಕೇ ಬೇಕು, ಆ ಡ್ರೈವರ್ ಮುಕ್ತವೇ ಎಂದು ಓಪನ್‌ಪ್ರಿಂಟಿಂಗ್ ತಾಣದಲ್ಲಿ ನೋಡಿ. ವೈಫೈ ಯಂತ್ರವಾದರೆ 'ಐಪಿಪಿಟೂಲ್ -ಟಿವಿ' ಎಂದು ಅದರ ವಿಳಾಸವನ್ನೂ 'ಗೆಟ್-ಪ್ರಿಂಟರ್-ಆಟ್ರಿಬ್ಯೂಟ್ಸ್.ಟೆಸ್ಟ್' ಎಂಬುದನ್ನೂ ಕೊಡಿ. ಉತ್ತರದಲ್ಲಿ ಡಾಕ್ಯುಮೆಂಟ್-ಫಾರ್ಮ್ಯಾಟ್-ಸಪೋರ್ಟೆಡ್ ಎಂಬ ಸಾಲಿನಲ್ಲಿ ಪಿಡಿಎಫ್, ಪಿಡಬ್ಲ್ಯುಜಿ-ರಾಸ್ಟರ್, ಯುಆರ್‌ಎಫ್ ಇವುಗಳಲ್ಲಿ ಒಂದು ಇರಬೇಕು. ಆಕ್ಟೆಟ್-ಸ್ಟ್ರೀಮ್ (ಯಾವ ವಿನ್ಯಾಸವೆಂದು ಹೇಳದ ಬರೀ ದತ್ತಾಂಶ) ಒಂದೇ ಇದ್ದರೆ ಆ ಯಂತ್ರ ಬಿಟ್ಟುಬಿಡಿ. ಆನ್‌ಲೈನ್‌ನಲ್ಲಿ ತರಿಸಿದ್ದರೆ ಈ ಪರೀಕ್ಷೆಯನ್ನು ಬಂದ ದಿನವೇ, ಇಂಕ್ ಟ್ಯಾಂಕ್ ಆದರೆ ಶಾಯಿ ಬಾಟಲಿಯ ಸೀಲ್ ಒಡೆಯುವ ಮೊದಲೇ ಮಾಡಿ. ಒಮ್ಮೆ ಶಾಯಿ ತುಂಬಿದ ಯಂತ್ರವನ್ನು ಹಿಂದಕ್ಕೆ ಕೊಡುವುದು ಕಷ್ಟ, ಈ ಎರಡು ಆದೇಶಗಳಿಗಂತೂ ಒಂದು ಹನಿ ಶಾಯಿಯೂ ಬೇಕಿಲ್ಲ.